ಹುಲ್ಲು ಹೆರೆಯುವ ಯಂತ್ರದಿಂದ ಹೊಗೆ: ಕಾರಣ ಹುಡುಕುವ ಕ್ರಮ ಮತ್ತು ದುರಸ್ತಿ

ಮುಂಗಾರು ಹಿಡಿದ ಮೇಲೆ ಕರಾವಳಿಯಲ್ಲಿ ಹುಲ್ಲಿಗೆ ತಡೆಯಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಅಡಿಕೆ ತೋಟ, ಗೇರು ಗುಡ್ಡೆ, ಮನೆಯಂಗಳದ ಸುತ್ತುಮುತ್ತ, ಶಾಲೆಯ ಮೈದಾನ, ಎಲ್ಲೆಡೆಯೂ ಹುಲ್ಲು ಹೆರೆಯಲು ಪೆಟ್ರೋಲ್ ಎಂಜಿನ್ನಿನ ಯಂತ್ರವೇ ಬೇಕಾಗುತ್ತದೆ. ಬೇಸಗೆಯಲ್ಲಿ ಶೆಡ್ಡಿನ ಮೂಲೆ ಸೇರಿದ್ದ ಯಂತ್ರವನ್ನು ಹೊರಗೆ ತಂದು ಹಗ್ಗ ಎಳೆದಾಗ ಸೈಲೆನ್ಸರಿನಿಂದ ದಟ್ಟ ಹೊಗೆ ಬಂದರೆ, "ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು" (ಸಿಲಿಂಡರಿನ ಒಳಗೋಡೆ ಕೊರೆಸಬೇಕು) ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಈ ತೀರ್ಪನ್ನು ಅಷ್ಟು ಬೇಗ ಒಪ್ಪಬಾರದು. ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಸಂದನ್ನು ಮುಚ್ಚುವ ರಿಂಗ್ ಸವೆದು ಹೊಗೆ ಬರುವುದುಂಟು. ಆದರೆ ಎಂಜಿನ್ ಆಯಿಲ್ ಹೆಚ್ಚಾಗಿರುವುದು, ಯಂತ್ರವನ್ನು ತಪ್ಪು ಬದಿಗೆ ಮಲಗಿಸಿರುವುದು, ಏರ್ ಫಿಲ್ಟರ್ ಕಟ್ಟಿಕೊಂಡಿರುವುದು, ಪೆಟ್ರೋಲಿನಲ್ಲಿ ನೀರು ಸೇರಿರುವುದು, ಇವೂ ನೋಡುವವರಿಗೆ ಗಾಬರಿ ಹುಟ್ಟಿಸುವಷ್ಟು ಹೊಗೆ ಕೊಡುತ್ತವೆ, ಮತ್ತು ಇವುಗಳಲ್ಲಿ ಒಂದಕ್ಕೂ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಆದ್ದರಿಂದ ಪರೀಕ್ಷೆಯನ್ನು ಖರ್ಚಿಲ್ಲದ ಕಡೆಯಿಂದ ಆರಂಭಿಸಿ, ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಹೋಗಿ, ಹೆಡ್ ಮತ್ತು ಪಿಸ್ಟನ್ನಿನ ಬಳಿಗೆ ಕೊನೆಯಲ್ಲಿ ತಲುಪಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪನ್ನು ಎಳೆದು ಪ್ಲಗ್ಗಿನಿಂದ ದೂರ ಸರಿಸಿಡಬೇಕು. ಕ್ಯಾಪ್ ಹಾಗೆಯೇ ಇದ್ದರೆ ಬ್ಲೇಡನ್ನು ಕೈಯಿಂದ ತಿರುಗಿಸಿದಾಗಲೂ ಎಂಜಿನ್ ಹೊಡೆದುಕೊಳ್ಳುವ ಸಾಧ್ಯತೆಯಿದೆ. ಸೈಲೆನ್ಸರ್ ತಣಿಯುವವರೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಬಾರದು. ಇನ್ನೊಂದು ಎಚ್ಚರಿಕೆ ನಮ್ಮ ಮಳೆಗಾಲಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ: ಹೊರಗೆ ಮಳೆ ಇದೆಯೆಂದು ಯಂತ್ರವನ್ನು ಕೊಟ್ಟಿಗೆಯೊಳಗೋ ಬಾಗಿಲು ಹಾಕಿದ ಶೆಡ್ಡಿನೊಳಗೋ ಚಾಲೂ ಮಾಡಿ ಹೊಗೆ ನೋಡುವ ಅಭ್ಯಾಸ ಬಹಳ ಅಪಾಯಕಾರಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಬಿಟ್ಟ ಮೇಲೆ ಅಂಗಳದಲ್ಲಿಟ್ಟೇ ನೋಡಬೇಕು.

ಎಂಜಿನ್ ಯಾವ ಬಗೆಯದು?

ನಮ್ಮ ಕಡೆ ಎರಡು ಬಗೆಯ ಎಂಜಿನ್‌ಗಳು ಬಳಕೆಯಲ್ಲಿವೆ. ಆಯಿಲ್ ಹಾಕಲು ಪ್ರತ್ಯೇಕ ಬಾಯಿ ಇದ್ದು, ಅದರ ಮುಚ್ಚಳದಲ್ಲಿ ಸಾಮಾನ್ಯವಾಗಿ ಅಳತೆಯ ಕಡ್ಡಿ ಇದ್ದರೆ ಅದು ಫೋರ್ ಸ್ಟ್ರೋಕ್. ಸಮತಟ್ಟಾದ ಹುಲ್ಲುಹಾಸಿನ ಮೇಲೆ ತಳ್ಳಿಕೊಂಡು ಹೋಗುವ ಲಾನ್ ಮೋವರ್‌ಗಳು, ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನ ಎಂಜಿನ್‌ಗಳು, ಹೆಗಲಿಗೆ ಹಾಕಿಕೊಳ್ಳುವ ಯಂತ್ರಗಳಲ್ಲಿ ಹೋಂಡಾ ಜಿಎಕ್ಸ್35ರಂಥವು ಈ ಗುಂಪಿಗೆ ಸೇರುತ್ತವೆ. ಆಯಿಲಿಗೆ ಬೇರೆ ಬಾಯಿಯೇ ಇಲ್ಲದೆ, ಪೆಟ್ರೋಲಿಗೇ ಟೂಟಿ (2T) ಆಯಿಲ್ ಬೆರೆಸಿ ಹಾಕುವುದಾದರೆ ಅದು ಟೂ ಸ್ಟ್ರೋಕ್.

ಟೂ ಸ್ಟ್ರೋಕ್ ಎಂಜಿನ್ ಆಯಿಲನ್ನು ಸುಡುತ್ತಲೇ ಓಡುವುದರಿಂದ ತಿಳಿಯಾದ ನೀಲಿ ಹೊಗೆ ಅದಕ್ಕೆ ಸಹಜ. ಹೊಗೆ ದಟ್ಟವಾಗಿದ್ದರೆ ಮೊದಲು ಮಿಶ್ರಣದ ಅಳತೆಯನ್ನು ಅನುಮಾನಿಸಬೇಕು. ತಯಾರಕರು 50ಕ್ಕೆ 1 ಎಂದು ಹೇಳಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಬಾಟಲಿಯ ಮುಚ್ಚಳದಲ್ಲಿ ಅಂದಾಜು ಮಾಡಿ ಸುರಿದರೆ ಈ ಅಳತೆ ಸುಲಭವಾಗಿ ಇಮ್ಮಡಿಯಾಗುತ್ತದೆ. ಗೆರೆಯಿರುವ ಔಷಧದ ಅಳತೆ ಲೋಟವೊಂದನ್ನು ಇದಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಟೂಟಿ ಆಯಿಲಿನ ಬದಲು ಬೈಕಿನ ಎಂಜಿನ್ ಆಯಿಲ್ ಬೆರೆಸಿದ್ದರೂ ಹೊಗೆ ಹೆಚ್ಚುತ್ತದೆ, ಸೈಲೆನ್ಸರಿನ ಒಳಗೂ ಎಕ್ಸಾಸ್ಟ್ ರಂಧ್ರದಲ್ಲೂ ಮಸಿ ಗಟ್ಟಿಯಾಗಿ ಕೂರುತ್ತದೆ. ಆ ಮಸಿಯನ್ನು ಪಿಸ್ಟನ್ನಿಗೆ ಗೀರು ಬೀಳದಂತೆ ಮರದ ಕಡ್ಡಿಯಿಂದ ಕೆರೆದು ತೆಗೆಯಬೇಕು. ಸೈಲೆನ್ಸರಿನ ಬಾಯಲ್ಲಿ ಕಿಡಿ ತಡೆಯುವ ಸಣ್ಣ ಜಾಲರಿಯಿದ್ದರೆ ಅದನ್ನೂ ತೆಗೆದು ಶುಚಿಗೊಳಿಸಬೇಕು.

ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಕ್ಯಾನ್ ಅದಲುಬದಲಾಗುವ ಅಪಾಯವಿದೆ. ಆಯಿಲ್ ಬೆರೆತ ಪೆಟ್ರೋಲನ್ನು ಫೋರ್ ಸ್ಟ್ರೋಕಿಗೆ ಹಾಕಿದರೆ ನೀಲಿ ಹೊಗೆ ಬಂದು ಪ್ಲಗ್ ಮಸಿ ಹಿಡಿಯುತ್ತದೆ, ಅಷ್ಟೇ. ಟ್ಯಾಂಕ್ ಖಾಲಿ ಮಾಡಿ ಶುದ್ಧ ಪೆಟ್ರೋಲ್ ಹಾಕಿದರೆ ಸರಿಹೋಗುತ್ತದೆ. ಆದರೆ ಬರೀ ಪೆಟ್ರೋಲನ್ನು ಟೂ ಸ್ಟ್ರೋಕಿಗೆ ಹಾಕಿದರೆ ಹೊಗೆಯೇ ಕಾಣುವುದಿಲ್ಲ, ಮತ್ತು ಆಯಿಲಿಲ್ಲದ ಪಿಸ್ಟನ್ ಸ್ವಲ್ಪ ಹೊತ್ತಿನಲ್ಲೇ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಟೂ ಸ್ಟ್ರೋಕಿನ ಹೊಗೆ ಇದ್ದಕ್ಕಿದ್ದಂತೆ ಪೂರ್ತಿ ನಿಂತರೆ ಸಂತೋಷಪಡದೆ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಬೇಕು. ಎರಡು ಬಣ್ಣದ ಕ್ಯಾನ್‌ಗಳನ್ನು ಇಟ್ಟು, ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡುವುದು ಕೆಲಸದವರಿಗೂ ಮನೆಯವರಿಗೂ ಸಮಾನವಾಗಿ ಅನುಕೂಲ.

ಮುಂದಿನ ವಿವರಗಳು ಮುಖ್ಯವಾಗಿ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಸಂಬಂಧಿಸಿದವು.

ಬಣ್ಣ, ವಾಸನೆ, ಸಮಯ

ಹೊಗೆಯ ಬಣ್ಣವನ್ನು ಕಪ್ಪಗಿನ ಹಿನ್ನೆಲೆಯಲ್ಲಿ, ಅಂದರೆ ತೋಟದ ನೆರಳಿಗೆ ಎದುರಾಗಿ ನಿಂತು ನೋಡಿದರೆ ಸ್ಪಷ್ಟವಾಗುತ್ತದೆ. ನೀಲಿ ಅಥವಾ ನೀಲಿ ಬೆರೆತ ಬಿಳಿ ಬಣ್ಣ, ಕಣ್ಣಿಗೆ ಉರಿ, ಕರಿದ ಎಣ್ಣೆ ಹೊತ್ತಿದಂಥ ವಾಸನೆ ಇದ್ದರೆ ಆಯಿಲ್ ಸುಡುತ್ತಿದೆ. ಕಪ್ಪು ಬಣ್ಣವಿದ್ದು ಹಸಿ ಪೆಟ್ರೋಲಿನ ವಾಸನೆ ಬಂದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗಿದೆ. ಎಂಜಿನ್ ತಡವರಿಸುತ್ತ, ವಾಸನೆ ಹೆಚ್ಚಿಲ್ಲದ ಬಿಳಿ ಆವಿಯನ್ನು ಬಿಟ್ಟುಬಿಟ್ಟು ಉಗುಳಿದರೆ ನೀರಿನ ಅನುಮಾನ ಬರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾರಿನ ಎಂಜಿನ್ನಿನಲ್ಲಿ ಬಿಳಿ ಹೊಗೆ ಎಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಒಳಸೇರಿದೆ ಎಂಬ ಅರ್ಥ ರೂಢಿಯಲ್ಲಿದೆ. ಹುಲ್ಲು ಹೆರೆಯುವ ಯಂತ್ರಗಳ ಎಂಜಿನ್ ಗಾಳಿಯಿಂದ ತಣಿಯುವಂಥದು; ಅದರಲ್ಲಿ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಹಾಗಾಗಿ ಇದರಲ್ಲಿ ಕಾಣುವ ದಟ್ಟ ಬಿಳಿ ಹೊಗೆ ಬಹುಪಾಲು ಆಯಿಲಿನದೇ, ಬಿಸಿ ಸೈಲೆನ್ಸರಿನೊಳಗೆ ಪೂರ್ತಿ ಉರಿಯದೆ ಆವಿಯಾದ ಆಯಿಲು. ಕಾರಿನ ಅನುಭವವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತದೆ.

ಬಣ್ಣದಷ್ಟೇ ಮುಖ್ಯವಾದುದು ಹೊಗೆ ಬರುವ ಸಮಯ. ಮಳೆಗಾಲದ ಮುಂಜಾನೆ ಚಾಲೂ ಮಾಡಿದಾಗ ಬಂದು ಒಂದೆರಡು ನಿಮಿಷದಲ್ಲಿ ಇಲ್ಲವಾಗುವ ತೆಳು ಆವಿಗೆ ಚಿಂತೆ ಬೇಡ, ಅದು ಸೈಲೆನ್ಸರಿನಲ್ಲಿ ಕೂತ ತೇವ. ರಾತ್ರಿಯಿಡೀ ನಿಂತ ಮೇಲೆ ಮೊದಲ ಹೊಡೆತಕ್ಕೆ ಒಂದು ಮುದ್ದೆ ನೀಲಿ ಹೊಗೆ ಬಂದು ಆಮೇಲೆ ತಿಳಿಯಾದರೆ ವಾಲ್ವಿನ ಗೈಡ್ (ವಾಲ್ವ್ ಏರಿಳಿಯುವ ಕೊಳವೆ) ಮೂಲಕ ಆಯಿಲ್ ಇಳಿಯುತ್ತಿದೆ ಎನ್ನಬಹುದು. ಬಿಸಿಯಾದ ಮೇಲೂ, ದಪ್ಪ ಹುಲ್ಲಿಗೆ ಕೊಟ್ಟಾಗಲೂ ಒಂದೇ ಸಮನೆ ನೀಲಿ ಹೊಗೆ ಬರುತ್ತಿದ್ದರೆ ಮಾತ್ರ ರಿಂಗಿನ ಕಡೆ ಯೋಚನೆ ಹೊರಳಬೇಕು. ಯಂತ್ರವನ್ನು ಪಿಕಪ್ಪಿನಲ್ಲಿ ಸಾಗಿಸಿದ ಮರುದಿನ ಅಥವಾ ಬ್ಲೇಡ್ ತೊಳೆಯಲು ಮಲಗಿಸಿದ ಮೇಲೆ ಹೊಗೆ ಶುರುವಾಗಿದ್ದರೆ ಕಾರಣ ಆ ಸಾಗಣೆಯಲ್ಲೋ ಮಲಗಿಸುವಿಕೆಯಲ್ಲೋ ಇರುತ್ತದೆ.

ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಈ ಅನುಮಾನಕ್ಕೆ ಸಾಕ್ಷಿ ಸಿಗುತ್ತದೆ: ತುದಿ ಒದ್ದೆಯಾಗಿ ಜಿಡ್ಡಾಗಿದ್ದರೆ ಆಯಿಲ್, ಒಣ ಮಸಿ ಮೆತ್ತಿಕೊಂಡಿದ್ದರೆ ಪೆಟ್ರೋಲ್ ಹೆಚ್ಚು, ತೆಳು ಕಂದು ಬಣ್ಣವಿದ್ದರೆ ಉರಿ ಸರಿಯಾಗಿದೆ. ಪ್ಲಗ್ ಮರಳಿ ಹಾಕುವಾಗ ಅದರ ಸಂದನ್ನೂ ಫೀಲರ್ ಗೇಜಿನಿಂದ ಅಳೆಯಬಹುದು, ಜಿಎಕ್ಸ್35ಕ್ಕೆ 0.6ರಿಂದ 0.7 ಮಿಲಿಮೀಟರ್, ಹೋಂಡಾದ ಅದಕ್ಕಿಂತ ದೊಡ್ಡ ಎಂಜಿನ್ ಜಿಎಕ್ಸ್160ಕ್ಕೆ 0.7ರಿಂದ 0.8 ಮಿಲಿಮೀಟರ್.

ಆಯಿಲ್ ಮಟ್ಟ

ನೀಲಿ ಹೊಗೆಯ ಯಾವುದೇ ಪರೀಕ್ಷೆ ಇಲ್ಲಿಂದಲೇ ಆರಂಭವಾಗಬೇಕು. ಯಂತ್ರವನ್ನು ಸಮತಟ್ಟಾದ ಸಿಮೆಂಟಿನ ಅಂಗಳದಲ್ಲಿಟ್ಟು, ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ತೆಗೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಜಿಎಕ್ಸ್160ರಂಥ ಎಂಜಿನ್ನಿನಲ್ಲಿ ಕಡ್ಡಿಯನ್ನು ತಿರುಗಿಸದೆ, ಬಾಯಿಯ ಮೇಲೆ ಸುಮ್ಮನೆ ಕೂರಿಸಿ ನೋಡುವುದು ಕ್ರಮ. ಬೇರೆ ಕೆಲವು ಎಂಜಿನ್‌ಗಳಲ್ಲಿ ಪೂರ್ತಿ ತಿರುಗಿಸಿಯೇ ನೋಡಬೇಕು. ತಿರುಗಿಸಿ ನೋಡುವ ಕಡ್ಡಿಯನ್ನು ತಿರುಗಿಸದೆ ನೋಡಿದರೆ ಆಯಿಲ್ ಕಡಿಮೆ ಇದೆ ಎಂದು ಭಾಸವಾಗಿ ಇನ್ನಷ್ಟು ಸುರಿಯುವಂತಾಗುತ್ತದೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದನ್ನು ಖಚಿತಪಡಿಸಿಕೊಳ್ಳಬೇಕು.

ಸಣ್ಣ ಎಂಜಿನ್‌ಗಳಿಗೆ ಬೇಕಾಗುವ ಆಯಿಲ್ ಎಷ್ಟು ಕಡಿಮೆ ಎಂಬುದು ಅನೇಕರಿಗೆ ಅಂದಾಜಿಲ್ಲ. ಜಿಎಕ್ಸ್35ಕ್ಕೆ 100 ಮಿಲಿಲೀಟರ್, ಜಿಎಕ್ಸ್25ಕ್ಕೆ 80 ಮಿಲಿಲೀಟರ್ ಸಾಕು. ಇಂಥದಕ್ಕೆ 30 ಮಿಲಿಲೀಟರ್ ಹೆಚ್ಚು ಹೋದರೂ ಅದು ಮೂರನೇ ಒಂದು ಪಾಲು ಹೆಚ್ಚಾದಂತೆ. ಹೆಚ್ಚಾದ ಆಯಿಲನ್ನು ಒಳಗೆ ತಿರುಗುವ ಭಾಗಗಳು ಚಿಮ್ಮಿಸಿ, ಅದು ಎಂಜಿನ್ನಿನ ಒಳಗಿನ ಒತ್ತಡವನ್ನು ಹೊರಬಿಡುವ ಬ್ರೀದರಿನ ಕೊಳವೆಯಲ್ಲಿ ಏರಿ ಏರ್ ಫಿಲ್ಟರಿಗೂ ಕಾರ್ಬುರೇಟರಿಗೂ ತಲುಪಿ, ಪೆಟ್ರೋಲಿನ ಜೊತೆ ಸಿಲಿಂಡರಿಗೆ ಹೋಗಿ ಉರಿಯುತ್ತದೆ. ಏರ್ ಫಿಲ್ಟರಿನ ಡಬ್ಬಿಯಲ್ಲಿ ಆಯಿಲ್ ಕಂಡರೆ ಈ ದಾರಿ ಖಚಿತ. ಸೂಜಿಯಿಲ್ಲದ ದೊಡ್ಡ ಸಿರಿಂಜಿಗೆ ತೆಳು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಹೆಚ್ಚಿನ ಆಯಿಲನ್ನು ಹೀರಿ ತೆಗೆಯಬಹುದು.

ಮಟ್ಟದ ಜೊತೆಗೆ ಆಯಿಲಿನ ಗುಣವನ್ನೂ ನೋಡಬೇಕು. ಕಡ್ಡಿಯನ್ನು ಮೂಸಿದಾಗ ಪೆಟ್ರೋಲಿನ ವಾಸನೆ ಬಂದು, ಆಯಿಲ್ ನೀರಿನಂತೆ ತೆಳ್ಳಗಾಗಿ, ಯಾರೂ ಹಾಕದೆಯೇ ಮಟ್ಟ ಏರಿದ್ದರೆ ಕಾರ್ಬುರೇಟರಿನಿಂದ ಪೆಟ್ರೋಲ್ ಒಳಗೆ ಸೋರುತ್ತಿದೆ. ಫ್ಲೋಟ್ ಇರುವ ಕಾರ್ಬುರೇಟರಿನಲ್ಲಿ ನೀಡಲ್ (ಪೆಟ್ರೋಲಿನ ದಾರಿ ಮುಚ್ಚುವ ಸೂಜಿ) ಕೂರುವ ಜಾಗಕ್ಕೆ ಕಸ ಸಿಕ್ಕಿದರೆ, ಅಥವಾ ಪೆಟ್ರೋಲ್ ಕಾಕನ್ನು ಮುಚ್ಚದೆ ಹೊಂಡ ಬಿದ್ದ ರಸ್ತೆಯಲ್ಲಿ ಯಂತ್ರ ಸಾಗಿಸಿದರೆ ಹೀಗಾಗುತ್ತದೆ. ಈ ಆಯಿಲಿನಲ್ಲಿ ಎಂಜಿನ್ ಓಡಿಸಿದರೆ ಬೇರಿಂಗ್‌ಗಳು ಹಾಳಾಗುತ್ತವೆ. ಕಾರ್ಬುರೇಟರಿನ ಬಟ್ಟಲು ಬಿಚ್ಚಿ ನೀಡಲ್ ಶುಚಿ ಮಾಡಿ, ಅದರ ತುದಿಯಲ್ಲಿ ಸವೆತದ ಗೆರೆಯಿದ್ದರೆ ಬದಲಾಯಿಸಿ, ಆಮೇಲೆ ಆಯಿಲ್ ಪೂರ್ತಿ ಹೊಸದು ಹಾಕಬೇಕು. ಆಯಿಲ್ ಮಾತ್ರ ಬದಲಾಯಿಸಿ ನೀಡಲ್ ಮರೆತರೆ ಕೆಲವೇ ದಿನಗಳಲ್ಲಿ ಅದೇ ಸ್ಥಿತಿ ಮರಳುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ತೇವ ಸೇರಿದೆ; ಮಳೆಗಾಲದಲ್ಲಿ ಐದೈದು ನಿಮಿಷ ಮಾತ್ರ ಓಡಿಸಿ ನಿಲ್ಲಿಸುವ ಯಂತ್ರಗಳಲ್ಲಿ ಎಂಜಿನ್ ಸಾಕಷ್ಟು ಬಿಸಿಯಾಗದೆ ಒಳಗಿನ ತೇವ ಹೊರಹೋಗುವುದಿಲ್ಲ. ಅದಕ್ಕೂ ಹೊಸ ಆಯಿಲೇ ಪರಿಹಾರ.

ಆಯಿಲಿನ ದರ್ಜೆಯ ವಿಷಯದಲ್ಲಿ ನಮ್ಮ ಹವೆಯನ್ನು ಗಮನಿಸಬೇಕು. ಹೋಂಡಾ ಸಾಮಾನ್ಯ ಬಳಕೆಗೆ 10ಡಬ್ಲ್ಯು-30 ಹೇಳುತ್ತದೆ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ ಪುಸ್ತಕಗಳು, 27 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಹವೆಯಲ್ಲಿ 10ಡಬ್ಲ್ಯು-30 ಬಳಸಿದರೆ ಆಯಿಲ್ ಹೆಚ್ಚು ಖರ್ಚಾಗಬಹುದು, ಮಟ್ಟವನ್ನು ಮೇಲಿಂದ ಮೇಲೆ ನೋಡುತ್ತಿರಿ ಎಂದು ಎಚ್ಚರಿಸಿ, ಬಿಸಿ ಹವೆಗೆ ಎಸ್‌ಎಇ 30 ಸೂಚಿಸುತ್ತವೆ. ಮಂಗಳೂರಿನಲ್ಲಿ ವರ್ಷದ ಬಹುಭಾಗ ಹಗಲಿನ ಹವೆ 27 ಡಿಗ್ರಿ ದಾಟಿರುತ್ತದೆ. ಆದ್ದರಿಂದ ನಿಮ್ಮ ಎಂಜಿನ್ನಿನ ಪುಸ್ತಕ ಅನುಮತಿಸಿದರೆ ಎಸ್‌ಎಇ 30 ಹಾಕಿ ನೋಡುವುದು, ಅಲ್ಪಸ್ವಲ್ಪ ನೀಲಿ ಹೊಗೆಯಿರುವ ಹಳೆಯ ಎಂಜಿನ್ನಿಗೆ ನನ್ನ ಮೊದಲ ಸಲಹೆ.

ಬಾಡಿಗೆಗೆ ತಂದ ಯಂತ್ರದ ವಿಷಯದಲ್ಲಿ, ಅದು ಕೃಷಿ ಯಂತ್ರಧಾರೆಯ ಕೇಂದ್ರದಿಂದ ಬಂದಿರಲಿ, ನೆರೆಮನೆಯಿಂದ ಬಂದಿರಲಿ, ಹಿಂದೆ ಬಳಸಿದವರು ಎಷ್ಟು ಆಯಿಲ್ ಹಾಕಿದ್ದರು ಎಂಬುದು ಗೊತ್ತಿರುವುದಿಲ್ಲ. ಹಗ್ಗ ಎಳೆಯುವ ಮೊದಲೇ ಕಡ್ಡಿ ನೋಡಬೇಕು.

ಮಲಗಿಸಿದ ಯಂತ್ರ, ಇಳಿಜಾರಿನ ಗುಡ್ಡೆ

ತಳ್ಳುವ ಮೋವರಿನ ಅಡಿಭಾಗದಲ್ಲಿ ಮೆತ್ತಿದ ಹಸಿ ಹುಲ್ಲನ್ನು ತೆಗೆಯಲು ಅದನ್ನು ಮಗ್ಗುಲಾಗಿಸುವುದು ಅನಿವಾರ್ಯ. ಆಗ ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಇರುವ ಬದಿ ಮೇಲಕ್ಕಿರಬೇಕು. ಅದು ಕೆಳಗಾದರೆ ಆಯಿಲ್ ಬ್ರೀದರಿನ ಮೂಲಕ ಫಿಲ್ಟರಿಗೂ, ವಾಲ್ವ್‌ಗಳ ಸಂದಿನಿಂದ ಸಿಲಿಂಡರಿಗೂ ಸೈಲೆನ್ಸರಿಗೂ ಇಳಿಯುತ್ತದೆ. ಮಲಗಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚುವುದನ್ನೂ ಮರೆಯಬಾರದು.

ಹೀಗೆ ಆಗಿಹೋಗಿದ್ದರೆ ಹಗ್ಗವನ್ನು ಬಲವಂತವಾಗಿ ಎಳೆಯಬೇಡಿ. ಪಿಸ್ಟನ್ನಿನ ಮೇಲೆ ಆಯಿಲ್ ತುಂಬಿದ್ದರೆ ಹಗ್ಗ ಅರ್ಧದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಒತ್ತಾಯಿಸಿದರೆ ಕನೆಕ್ಟಿಂಗ್ ರಾಡ್ ಬಾಗುವ ಸಂಭವವಿದೆ. ಪ್ಲಗ್ ಬಿಚ್ಚಿ, ಅದರ ತೂತಿನ ಮೇಲೆ ಹಳೆ ಬಟ್ಟೆ ಹಿಡಿದು, ಹಗ್ಗವನ್ನು ನಿಧಾನವಾಗಿ ಹಲವು ಸಲ ಎಳೆದರೆ ಆಯಿಲ್ ಹೊರಬರುತ್ತದೆ. ಪ್ಲಗ್ ಮತ್ತು ಫಿಲ್ಟರ್ ಡಬ್ಬಿಯನ್ನು ಒರೆಸಿ, ಆಯಿಲ್ ಮಟ್ಟ ಸರಿಪಡಿಸಿ, ಬಯಲಿನಲ್ಲಿ ಚಾಲೂ ಮಾಡಬೇಕು. ಆಗಲೂ ಹತ್ತು ಹದಿನೈದು ನಿಮಿಷ ಭಾರಿ ಬಿಳಿ ಹೊಗೆ ಬರುತ್ತದೆ. ಅದು ಸೈಲೆನ್ಸರಿನಲ್ಲಿ ನೆನೆದಿದ್ದ ಆಯಿಲ್ ಉರಿದು ಹೋಗುವ ಹೊಗೆ. ಈ ಹಂತದಲ್ಲಿ ತಾಳ್ಮೆಗೆಟ್ಟು, ದುರಸ್ತಿ ಫಲಿಸಲಿಲ್ಲವೆಂದು ಎಂಜಿನ್ ಬಿಚ್ಚಿಸಿದವರು ಬಹಳ ಮಂದಿ. ಹೊಗೆ ನಿಮಿಷದಿಂದ ನಿಮಿಷಕ್ಕೆ ತೆಳ್ಳಗಾಗುತ್ತಿದೆಯೇ ಎಂಬುದನ್ನು ಮಾತ್ರ ಗಮನಿಸಿ. ಇದೇ ಮಾತು ಆಯಿಲ್ ಹೆಚ್ಚಾಗಿದ್ದ ಎಂಜಿನ್ನಿಗೂ ಅನ್ವಯಿಸುತ್ತದೆ.

ಗುಡ್ಡೆಯ ಇಳಿಜಾರೂ ಇಂಥದೇ ತೊಂದರೆ ಕೊಡುತ್ತದೆ. ಜಿಎಕ್ಸ್160ರಂಥ ಸಾಮಾನ್ಯ ಫೋರ್ ಸ್ಟ್ರೋಕ್ ಎಂಜಿನ್ ಓಡುವಾಗ 20 ಡಿಗ್ರಿಗಿಂತ ಹೆಚ್ಚು ವಾಲಬಾರದು. ಜಿಎಕ್ಸ್35ರಂಥ, ಹೆಗಲಿನ ಯಂತ್ರಕ್ಕೆಂದೇ ಮಾಡಿದ ಎಂಜಿನ್ ಯಾವ ಕೋನದಲ್ಲೂ ಓಡಬಲ್ಲದು. ಗೇರು ಗುಡ್ಡೆಗೆ ಯಾವುದು ಸೂಕ್ತವೆಂಬುದನ್ನು ಇದರಿಂದಲೇ ತಿಳಿಯಬಹುದು.

ಕಪ್ಪು ಹೊಗೆ

ಇದರ ಪರಿಹಾರ ಸುಲಭ. ಏರ್ ಫಿಲ್ಟರ್ ತೆಗೆದು, ಧೂಳಿಲ್ಲದ ಜಾಗದಲ್ಲಿ ಕೆಲವೇ ಸೆಕೆಂಡು ಎಂಜಿನ್ ಓಡಿಸಿ ನೋಡಿ. ಹೊಗೆ ತಿಳಿಯಾದರೆ ದೋಷ ಫಿಲ್ಟರಿನದೇ. ಫಿಲ್ಟರಿಲ್ಲದೆ ಹುಲ್ಲು ಹೆರೆಯಲು ಮಾತ್ರ ಹೋಗಬಾರದು. ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಶುದ್ಧ ಎಂಜಿನ್ ಆಯಿಲಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಕಬೇಕು. ಆಯಿಲ್ ಉಳಿದರೆ ಅದೇ ಹೊಗೆಗೆ ಕಾರಣವಾಗುತ್ತದೆ. ಮಳೆಗಾಲದಲ್ಲಿ ಸ್ಪಂಜು ಒಣಗಲು ದಿನಗಟ್ಟಲೆ ಬೇಕಾಗುವುದರಿಂದ ಎರಡನೆಯದೊಂದನ್ನು ಕೊಂಡಿಡುವುದು ಜಾಣತನ. ಕಾಗದದ ಫಿಲ್ಟರನ್ನು ತೊಳೆಯಬಾರದು. ಮೆಲ್ಲನೆ ಕುಟ್ಟಿ ಧೂಳು ಉದುರಿಸಿ, ಹೋಗದಿದ್ದರೆ ಹೊಸದನ್ನೇ ಹಾಕಬೇಕು.

ಫಿಲ್ಟರ್ ಸರಿಯಿದ್ದೂ ಕಪ್ಪು ಹೊಗೆ ಬಂದರೆ ಚೋಕ್ ಪೂರ್ತಿ ತೆರೆಯುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ಮಲ್ಪೆ, ಪಣಂಬೂರು, ಸುರತ್ಕಲ್‌ನಂಥ ಕಡಲ ಬದಿಯ ಊರುಗಳಲ್ಲಿ ಉಪ್ಪಿನ ಗಾಳಿಗೆ ಚೋಕಿನ ಕಂಬಿ ತುಕ್ಕು ಹಿಡಿದು, ಮೇಲೆ ಲಿವರ್ ತಿರುಗಿದರೂ ಒಳಗಿನ ಪರದೆ ಅರ್ಧ ಮುಚ್ಚಿಕೊಂಡೇ ಇರುತ್ತದೆ. ಹೆಗಲಿನ ಯಂತ್ರಗಳಲ್ಲಿ ಫ್ಲೋಟಿನ ಬದಲು ರಬ್ಬರಿನ ಡಯಾಫ್ರಾಮ್ ಇರುವ ಕಾರ್ಬುರೇಟರ್ ಇರುತ್ತದೆ. ಅದರ ನೀಡಲ್ ಸರಿಯಾಗಿ ಮುಚ್ಚದಿದ್ದರೆ ಅಥವಾ ಡಯಾಫ್ರಾಮ್ ಗಡುಸಾಗಿ ಆಕಾರ ಕೆಟ್ಟಿದ್ದರೆ ಡಯಾಫ್ರಾಮ್ ಕಿಟ್ ಬದಲಾಯಿಸಬೇಕಾಗುತ್ತದೆ.

ನೀರು ಬೆರೆತ ಪೆಟ್ರೋಲ್

ಭಾರತದಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲಿನ ಪ್ರಮಾಣ 2022ರಲ್ಲಿ ಶೇಕಡಾ 10 ತಲುಪಿತು, 2025ರಲ್ಲಿ ಶೇಕಡಾ 20 ಆಯಿತು. ಹೋಂಡಾದ ಈ ಸಣ್ಣ ಎಂಜಿನ್‌ಗಳ ಪುಸ್ತಕಗಳು ಸಾಮಾನ್ಯವಾಗಿ ಶೇಕಡಾ 10ರವರೆಗಿನ ಎಥನಾಲಿಗೆ ಮಾತ್ರ ಒಪ್ಪಿಗೆ ಕೊಡುತ್ತವೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಒಂದು ಮಿತಿ ದಾಟಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ಅಡಿಗೆ ಕೂರುತ್ತವೆ. ಅಡಿಯಿಂದಲೇ ಪೆಟ್ರೋಲ್ ಎಳೆಯುವ ಎಂಜಿನ್ನಿಗೆ ಮೊದಲು ಸಿಗುವುದು ಆ ಪದರ. ಜುಲೈ ತಿಂಗಳಲ್ಲಿ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ಬಿಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಗೆ ಟ್ಯಾಂಕಿನ ಅಡಿಯ ಪೆಟ್ರೋಲನ್ನೂ ಕಾರ್ಬುರೇಟರಿನ ಬಟ್ಟಲಿನಲ್ಲಿರುವುದನ್ನೂ ಪಾರದರ್ಶಕ ಗಾಜಿನ ಬಾಟಲಿಗೆ ಇಳಿಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಬೇಕು. ಕೆಳಗೆ ಬೇರೆ ಪದರ ಕಂಡರೆ, ಅಥವಾ ಇಡೀ ದ್ರವ ಮಂಜಾಗಿ ಕಂಡರೆ ಅದನ್ನು ಮತ್ತೆ ಬಳಸಬಾರದು; ಬಟ್ಟೆಯಲ್ಲಿ ಸೋಸಿದರೆ ಈ ನೀರು ಹೋಗುವುದಿಲ್ಲ. ಟ್ಯಾಂಕನ್ನು ಹೊಸ ಪೆಟ್ರೋಲಿನಿಂದ ಕುಲುಕಿ ತೊಳೆದು, ಬಟ್ಟಲು ಮತ್ತು ಜೆಟ್ ಶುಚಿಗೊಳಿಸಿ, ಟ್ಯಾಂಕಿನೊಳಗಿನ ಸಣ್ಣ ಫಿಲ್ಟರ್ ಬದಲಾಯಿಸಿದರೆ ಬಿಳಿ ಆವಿ ನಿಲ್ಲುತ್ತದೆ. ಕೆಲಸದ ಋತು ಮುಗಿದೊಡನೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು, ಮತ್ತು ಪೆಟ್ರೋಲನ್ನು ಒಂದು ತಿಂಗಳಲ್ಲಿ ಮುಗಿಯುವಷ್ಟೇ ತರುವುದು ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ನೀಲಿ ಹೊಗೆ ನಿಲ್ಲದಿದ್ದರೆ

ಇಷ್ಟೆಲ್ಲ ಸರಿಯಿದ್ದು, ಸೈಲೆನ್ಸರ್ ಒಣಗಿದ ಮೇಲೂ ನೀಲಿ ಹೊಗೆ ಮುಂದುವರಿದರೆ ಎಂಜಿನ್ನಿನ ಹತ್ತಿರ ಹೋಗಬೇಕು. ಅಲ್ಲೂ ಮೊದಲು ಹೊರಗಿನದು. ಎಂಜಿನ್ನಿನ ಮೇಲ್ಕವಚ ಬಿಚ್ಚಿ ಸಿಲಿಂಡರಿನ ತಣಿಸುವ ರೆಕ್ಕೆಗಳನ್ನು ನೋಡಿದರೆ ಒಣ ಹುಲ್ಲು, ಧೂಳು, ಕೆಲವೊಮ್ಮೆ ಬೇಸಗೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಸಿಗುತ್ತದೆ. ಗಾಳಿಯ ದಾರಿ ಮುಚ್ಚಿದ ಎಂಜಿನ್ ಅತಿಯಾಗಿ ಬಿಸಿಯಾಗಿ, ಆಯಿಲ್ ತೆಳ್ಳಗಾಗಿ, ರಿಂಗ್ ದಾಟಿ ಮೇಲೇರುತ್ತದೆ. ಬ್ರಶ್ಶಿನಿಂದ ಶುಚಿ ಮಾಡುವುದು ಹತ್ತು ನಿಮಿಷದ ಕೆಲಸ.

ನಂತರ ಬ್ರೀದರ್. ಪಿಸ್ಟನ್ ಕೆಳಗಿಳಿದಾಗ ಕ್ರ್ಯಾಂಕ್‌ಕೇಸಿನಲ್ಲಿ (ಆಯಿಲ್ ಇರುವ ಕೆಳಗಿನ ಕೋಣೆಯಲ್ಲಿ) ಏಳುವ ಒತ್ತಡವನ್ನು ಹೊರಗೆ ಬಿಟ್ಟು, ಗಾಳಿ ಮರಳಿ ಒಳಬರದಂತೆ ತಡೆಯುವ ತೆಳು ಉಕ್ಕಿನ ನಾಲಗೆಯೊಂದು ಇದರಲ್ಲಿದೆ. ಕೆಲವು ಎಂಜಿನ್‌ಗಳಲ್ಲಿ ಇದು ವಾಲ್ವ್ ಕವರಿನೊಳಗೆ, ಇನ್ನು ಕೆಲವದರಲ್ಲಿ ಬ್ಲಾಕಿನ ಬದಿಯ ಚಿಕ್ಕ ಮುಚ್ಚಳದ ಹಿಂದೆ ಇರುತ್ತದೆ. ನಾಲಗೆ ಬಾಗಿದ್ದರೆ, ಅಥವಾ ಆಯಿಲ್ ಮರಳಿ ಇಳಿಯುವ ರಂಧ್ರ ಮಡ್ಡಿಯಿಂದ ಮುಚ್ಚಿದ್ದರೆ ಒಳಗಿನ ಒತ್ತಡ ಹೆಚ್ಚಿ ಆಯಿಲ್ ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ನಾಲಗೆ ಸಪಾಟಾಗಿ ಕೂರುತ್ತದೆಯೇ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಬೇಕು. ದುರಸ್ತಿಗೆ ಬರುವ ಎಂಜಿನ್‌ಗಳಲ್ಲಿ ಈ ಚಿಕ್ಕ ಭಾಗವನ್ನು ಯಾರೂ ಮುಟ್ಟಿರುವುದಿಲ್ಲ. ರಿಂಗ್ ಸೆಟ್ ತರಿಸುವ ಮೊದಲು ಇದನ್ನು ನೋಡಲೇಬೇಕೆಂದು ಒತ್ತಿ ಹೇಳುತ್ತೇನೆ.

ಮೂರನೆಯದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಗಾಳಿಯ ಬಿಗಿ. ಹಗ್ಗವನ್ನು ನಿಧಾನ ಎಳೆದಾಗ ತಡೆ ಸಿಗದೆ ಸಡಿಲವಾಗಿ ಬಂದರೆ, ಪ್ಲಗ್ಗಿನ ತೂತಿನಿಂದ ಒಂದು ಚಮಚ, ಅಂದರೆ 5 ಮಿಲಿಲೀಟರಿನಷ್ಟು ಆಯಿಲ್ ಬಿಟ್ಟು, ಪ್ಲಗ್ ಹಾಕಿ ಮತ್ತೆ ಎಳೆಯಬೇಕು. ತಡೆ ಸ್ಪಷ್ಟವಾಗಿ ಹೆಚ್ಚಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ, ಏಕೆಂದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ತುಂಬಿದೆ. ಹೆಚ್ಚದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಹಗ್ಗ ಹಗುರವಾಗಿ ಎಳೆಯಲೆಂದು ಅನೇಕ ಎಂಜಿನ್‌ಗಳಲ್ಲಿ ಕಂಪ್ರೆಶನ್ ಇಳಿಸುವ ವ್ಯವಸ್ಥೆ ಇರುವುದರಿಂದ ಕಂಪ್ರೆಶನ್ ಅಳೆಯುವ ಗೇಜಿನ ಅಂಕಿ ಕಡಿಮೆ ಬಂದರೆ ಅದೊಂದನ್ನೇ ನಂಬಬಾರದು.

ಹೆಡ್ ಗ್ಯಾಸ್ಕೆಟ್ ಸುಟ್ಟು ವಾಲ್ವ್ ಎತ್ತುವ ಪುಶ್‌ರಾಡ್ ಇರುವ ಕೋಣೆಯ ಕಡೆಗೆ ದಾರಿಯಾಗಿದ್ದರೆ ಉರಿಯ ಒತ್ತಡ ಕ್ರ್ಯಾಂಕ್‌ಕೇಸಿಗೆ ಹೋಗಿ ಆಯಿಲನ್ನು ಬ್ರೀದರಿನಿಂದ ತಳ್ಳುತ್ತದೆ. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ಟಿನ ಮೇಲೆ ಕಪ್ಪು ಗೆರೆ ಆ ದಾರಿಯನ್ನು ತೋರಿಸುತ್ತದೆ. ಹಳೆಯ ಗ್ಯಾಸ್ಕೆಟನ್ನು ಮತ್ತೆ ಹಾಕಬಾರದು. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಜಿಎಕ್ಸ್160ಕ್ಕೆ ಕೊನೆಯ ಬಿಗಿ 24 ನ್ಯೂಟನ್ ಮೀಟರ್. ಜಿಎಕ್ಸ್35ರಲ್ಲಿ ಹೆಡ್ ಮತ್ತು ಸಿಲಿಂಡರ್ ಒಂದೇ ಎರಕವಾಗಿರುವುದರಿಂದ ಹೆಡ್ ಗ್ಯಾಸ್ಕೆಟ್ ಎಂಬುದೇ ಇಲ್ಲ. ಅದರಲ್ಲಿ ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ್ದೇವೆಂದು ಯಾರಾದರೂ ಬಿಲ್ ಕೊಟ್ಟರೆ ಪ್ರಶ್ನಿಸಬೇಕು.

ಪಿಸ್ಟನ್ ಹೊರತೆಗೆದಾಗ ರಿಂಗ್ ನಿಜವಾಗಿ ಸವೆದಿದೆಯೇ, ಅಥವಾ ಮಸಿಯಿಂದ ಪಿಸ್ಟನ್ನಿನ ಸುತ್ತಲಿನ ತನ್ನ ಕಚ್ಚಿಗೆ ಅಂಟಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಅಂಟಿದ ರಿಂಗನ್ನು ಬಿಡಿಸಿ, ಆ ಕಚ್ಚನ್ನು ಶುಚಿಗೊಳಿಸಿದರೆ ಎಷ್ಟೋ ಸಲ ಹೊಸ ರಿಂಗೇ ಬೇಕಾಗುವುದಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರುಗಳಿದ್ದರೆ ಹೊಸ ರಿಂಗ್ ಹಾಕಿಯೂ ಪ್ರಯೋಜನವಿಲ್ಲ. ಬೋರ್ ಮಾಡುವ ವರ್ಕ್‌ಶಾಪಿಗೆ ಒಯ್ದು ಅಳೆಸಿ, ಪುಸ್ತಕದ ಮಿತಿಗೆ ಹೋಲಿಸಿ ನಿರ್ಧರಿಸಬೇಕು. ಹೊಸ ರಿಂಗ್ ಕೂರಿಸುವಾಗ ಗುರುತಿರುವ ಮುಖ ಮೇಲಕ್ಕಿರಬೇಕು, ರಿಂಗ್‌ಗಳ ಬಾಯಿ ಒಂದೇ ಸಾಲಿನಲ್ಲಿ ಬರದಂತೆ 120 ಡಿಗ್ರಿ ಅಂತರದಲ್ಲಿರಬೇಕು. ಟಾರ್ಕ್ ರೆಂಚ್ ಮತ್ತು ಅಳತೆಯ ಸಾಧನಗಳಿಲ್ಲದವರು ಈ ಹಂತವನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಸರಿ. ಒಪ್ಪಿಸುವಾಗ ಹೊಗೆಯ ಬಣ್ಣ, ಸಮಯ, ಈಗಾಗಲೇ ಮಾಡಿದ ಪರೀಕ್ಷೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ. ರಿಂಗ್, ಬೋರಿಂಗ್, ಕೂಲಿ ಎಲ್ಲ ಸೇರಿ ಹೊಸ ಎಂಜಿನ್ನಿನ ಬೆಲೆಯ ಅರ್ಧ ದಾಟುವುದಾದರೆ ಹಳೆಯದನ್ನು ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹೊಸ ರಿಂಗ್ ಹಾಕಿದ ಎಂಜಿನ್ ಆರಂಭದಲ್ಲಿ ಸ್ವಲ್ಪ ಹೊಗೆ ಬಿಡುತ್ತದೆ. ಮೊದಲ 10 ಗಂಟೆಯ ಓಟದ ನಂತರ ಆಯಿಲ್ ಬದಲಾಯಿಸಬೇಕು. ಜಿಎಕ್ಸ್35ಕ್ಕೆ ಆಮೇಲಿನ ಲೆಕ್ಕ ಆರು ತಿಂಗಳಿಗೊಮ್ಮೆ ಅಥವಾ 50 ಗಂಟೆಗೊಮ್ಮೆ, ಯಾವುದು ಮೊದಲೋ ಅದು. ಸ್ವಂತ ಅಂಗಳಕ್ಕೆ ಮಾತ್ರ ಬಳಸುವವರಿಗೆ ಆರು ತಿಂಗಳ ಲೆಕ್ಕ ಸಾಕು. ದಿನಕ್ಕೆ ಐದು ಗಂಟೆ ಕೂಲಿಗೆ ಹುಲ್ಲು ಹೆರೆಯುವವರಿಗೆ 50 ಗಂಟೆ ಹತ್ತೇ ದಿನಗಳಲ್ಲಿ ತುಂಬುತ್ತದೆ. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ತೆಗೆದ ಹಳೆಯ ಆಯಿಲನ್ನೂ ಕೆಟ್ಟ ಪೆಟ್ರೋಲನ್ನೂ ತೋಡಿಗೆ ಅಥವಾ ಬಾವಿಯ ಬದಿಯ ಮಣ್ಣಿಗೆ ಸುರಿಯದೆ, ಬೇರೆ ಬೇರೆ ಕ್ಯಾನುಗಳಲ್ಲಿ ತುಂಬಿಸಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸ್ಟೇಶನ್ನಿಗೆ ಕೊಡಬೇಕು.